ಮುಳುಗುವ ಮುನ್ನ ಬರೆದಿಡಬೇಕಾದ ಬಾಗಲಕೋಟೆ

519.6 ಮತ್ತು 524.256. ಈ ಎರಡು ಅಂಕಿ ಬಾಯಿಗೆ ಬಾರದವರು ಬಾಗಲಕೋಟೆಯಲ್ಲಿ ವಿರಳ. ಮೊದಲನೆಯದು ಆಲಮಟ್ಟಿ ಜಲಾಶಯದಲ್ಲಿ ಈಗ ನೀರು ನಿಲ್ಲುವ ಮಟ್ಟ, ಮೀಟರುಗಳಲ್ಲಿ. ಎರಡನೆಯದು ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತ ಮುಗಿದ ಮೇಲೆ ನಿಲ್ಲಬೇಕಾದ ಮಟ್ಟ. ನಡುವೆ ಇರುವುದು ಐದು ಮೀಟರಿಗೂ ಕಡಿಮೆ ಅಂತರ. ಆ ಅಂತರದೊಳಗೆ 20 ಹಳ್ಳಿಗಳಿವೆ, ಬಾಗಲಕೋಟೆ ನಗರದ 11 ವಾರ್ಡುಗಳಿವೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಮುಳುಗಡೆ ಜಮೀನಿಗೆ ದರ ಗೊತ್ತುಮಾಡಿತು: ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣಬೇಸಾಯದ ಜಮೀನಿಗೆ 30 ಲಕ್ಷ. ಅಲ್ಲಿಂದೀಚೆಗೆ ಊರಿನ ಮಾತುಕತೆಯೆಲ್ಲ ಎಕರೆಯ ಸುತ್ತ ತಿರುಗುತ್ತಿದೆ. ಅದು ಸಹಜ, ನ್ಯಾಯವೂ ಹೌದು. ಭೂಮಿ ಕಳೆದುಕೊಳ್ಳುವವನಿಗೆ ಮೊದಲು ಬೇಕಾದದ್ದು ಪರಿಹಾರ.

ಆದರೆ ಆ ವಾರ್ಡುಗಳಲ್ಲಿ ಇರುವುದು ಎಕರೆಗಳಲ್ಲ, ಓಣಿಗಳು. ಅಲ್ಲಿನ ಮನೆ, ಕಟ್ಟೆ, ಅಂಗಡಿಸಾಲು, ಗುಡಿ, ದರ್ಗಾ, ಬಾವಿ ಹೇಗಿದ್ದವು, ಯಾರು ಅಲ್ಲಿ ಹೇಗೆ ಬದುಕಿದರು ಎಂಬುದನ್ನು ಬರೆದಿಡುವ ಹೊಣೆಯನ್ನು ಯಾವ ಇಲಾಖೆಗೂ ಯಾರೂ ಒಪ್ಪಿಸಿಲ್ಲ. ಈ ಕೆಲಸವನ್ನು ವಿನ್ಯಾಸಕಾರರು, ವಾಸ್ತುಶಿಲ್ಪ ಓದಿದ ಹುಡುಗ ಹುಡುಗಿಯರು, ಛಾಯಾಗ್ರಾಹಕರು, ಊರಿನ ಶಿಕ್ಷಕರು ತಾವೇ ಕೈಗೆತ್ತಿಕೊಂಡು ಓಣಿಗೊಂದರಂತೆ ಸಣ್ಣ ಪುಸ್ತಕ ತರಬೇಕು, ಅದೂ ಈಗಲೇ ಆಗಬೇಕು ಎಂಬುದು ನನ್ನ ವಾದ. ದೊಡ್ಡ ಗ್ರಂಥಕ್ಕೆ, ಅನುದಾನಕ್ಕೆ, ವಸ್ತುಸಂಗ್ರಹಾಲಯಕ್ಕೆ ಕಾಯುತ್ತ ಕೂತರೆ ಏನಾಗುತ್ತದೆಂದು ಈ ಊರು ಒಮ್ಮೆ ಕಂಡಾಗಿದೆ.

ಆಲಮಟ್ಟಿ ಅಣೆಕಟ್ಟೆಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಇಟ್ಟದ್ದು 1964ರ ಮೇ ತಿಂಗಳಲ್ಲಿ. ಅಬ್ದುಲ್ ಕಲಾಂ ಅವರು ಅದನ್ನು ಲೋಕಾರ್ಪಣೆ ಮಾಡಿದ್ದು 2006ರಲ್ಲಿ. ನಡುವಿನ ನಾಲ್ಕು ದಶಕಗಳಲ್ಲಿ ಘಟಪ್ರಭೆಯ ದಂಡೆಯ ಊರು ಒಡೆದು ಮೂರಾಯಿತು: ಹಳೆ ಬಾಗಲಕೋಟೆ, ವಿದ್ಯಾಗಿರಿ, ನವನಗರ. ನವನಗರದ ನಕ್ಷೆ ಹಾಕಿದವರು ಚಾರ್ಲ್ಸ್ ಕೊರಿಯಾ, ದೇಶದ ಅತಿ ಹೆಸರುವಾಸಿ ವಾಸ್ತುಶಿಲ್ಪಿಗಳಲ್ಲಿ ಒಬ್ಬರು. ಆ ಹೊಸ ಊರಿನ ಕುರಿತು ವಾಸ್ತುಶಿಲ್ಪದ ಪುಸ್ತಕಗಳಲ್ಲಿ ಓದಬಹುದು, ಅದರ ರೇಖಾಚಿತ್ರ ನೋಡಬಹುದು. ಅಣೆಕಟ್ಟೆಗಾಗಿ ಖಾಲಿ ಮಾಡಿಸಿದ ಓಣಿಗಳ ನಕ್ಷೆ ಕೇಳಿದರೆ ಜನ ಕೈಯಿಂದ ಗಾಳಿಯಲ್ಲಿ ಗೆರೆ ಎಳೆದು ತೋರಿಸುತ್ತಾರೆ. ಹೊಸ ಊರಿಗೆ ದೇಶ ಮೆಚ್ಚಿದ ವಾಸ್ತುಶಿಲ್ಪಿ ಸಿಕ್ಕರು, ಹಳೆಯದಕ್ಕೆ ಒಬ್ಬ ನಕ್ಷೆಗಾರನೂ ಸಿಗಲಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಾಗೆಂದು ಆ ಮನೆಗಳನ್ನು ಯಾರೂ ಅಳೆಯಲಿಲ್ಲ ಎನ್ನುವಂತಿಲ್ಲ. ಒಂದೊಂದನ್ನೂ ಅಳೆದಿದ್ದಾರೆ. ಭೂಸ್ವಾಧೀನಕ್ಕೆ ಒಳಪಟ್ಟ ಕಟ್ಟಡಕ್ಕೆ ಬೆಲೆ ಕಟ್ಟಲು ಎಂಜಿನಿಯರು ಟೇಪು ಹಿಡಿದು ಬರುತ್ತಾನೆ. 2013ರ ಭೂಸ್ವಾಧೀನ ಕಾಯ್ದೆಯ 29ನೇ ಕಲಮು ಜಿಲ್ಲಾಧಿಕಾರಿಗೆ ಇಂಥ ತಜ್ಞರ ನೆರವು ಪಡೆಯಲು ಅವಕಾಶ ಕೊಡುತ್ತದೆ. ತಳಪಾಯದ ವಿಸ್ತೀರ್ಣ, ಗೋಡೆ ಮಣ್ಣಿನದೋ ಕಲ್ಲಿನದೋ, ಛಾವಣಿ ಎಂಥದು, ಬಾಗಿಲು ಎಷ್ಟು, ಕಿಟಕಿ ಎಷ್ಟು, ನೆಲಕ್ಕೆ ಪರಸಿ ಕಲ್ಲಿನ ಹಾಸು ಇದೆಯೋ ಇಲ್ಲವೋ ಎಂಬುದೆಲ್ಲ ಲೆಕ್ಕಕ್ಕೆ ಬರುತ್ತದೆ. ಲೋಕೋಪಯೋಗಿ ಪದ್ಧತಿಯ ಮೌಲ್ಯಮಾಪನದಲ್ಲಿ ಕಟ್ಟಡದ ವಯಸ್ಸಿಗೆ ತಕ್ಕ ಹಾಗೆ ಸವಕಳಿ ಕಳೆಯುವುದು ವಾಡಿಕೆ. ಅಂದರೆ ಮನೆ ಹಳೆಯದಾದಷ್ಟೂ ಕಾಗದದ ಮೇಲೆ ಅದರ ಬೆಲೆ ಇಳಿಯುತ್ತದೆ. ಮೂರು ತಲೆಮಾರು ಬಾಳಿದ ಮಾಳಿಗೆ ಮನೆ ಹತ್ತು ವರ್ಷದ ಸಿಮೆಂಟ್ ಕೋಣೆಗಿಂತ ಅಗ್ಗವಾಗುವುದು ಹೀಗೆ. ಬಿಲ್ಲು ಪಾಸಾದ ಮೇಲೆ ಆ ಅಳತೆಯ ಹಾಳೆ ಕಡತದ ಕಟ್ಟು ಸೇರುತ್ತದೆ. ಮನೆಯ ಬಗ್ಗೆ ಸರ್ಕಾರ ತಿಳಿದುಕೊಂಡದ್ದೆಲ್ಲ ಅದನ್ನು ತೆರವುಗೊಳಿಸಲು ಬೇಕಾದಷ್ಟೇ ಆಗಿರುತ್ತದೆ.

ಆ ಹಾಳೆಯಲ್ಲಿ ಏನು ಬರುವುದಿಲ್ಲ ಎಂದು ತಿಳಿಯಬೇಕಾದರೆ ಮಾಳಿಗೆಯೊಂದನ್ನೇ ನೋಡಿದರೆ ಸಾಕು. ಹಾಳೆಯಲ್ಲಿ ‘ಮಣ್ಣಿನ ಛಾವಣಿ’ ಎಂದು ಎರಡೇ ಪದ. ನಿಜದಲ್ಲಿ ಅಲ್ಲಿ ಗೋಡೆಯಿಂದ ಗೋಡೆಗೆ ತೊಲೆ, ತೊಲೆಯ ಮೇಲೆ ಅಡ್ಡಲಾಗಿ ಜಂತಿ, ಜಂತಿಯ ಸಂದು ಮುಚ್ಚಲು ಹಲಗೆ ಅಥವಾ ಕಟ್ಟಿಗೆಯ ಚೂರು, ಅದರ ಮೇಲೆ ದಪ್ಪನೆ ತುಳಿದ ಮಣ್ಣು, ಎಲ್ಲಕ್ಕೂ ಮೇಲೆ ಮಳೆನೀರು ಇಳಿಯದಂತೆ ಕರಲು ಎಂಬ ಸವಳು ಮಣ್ಣು ಇರುತ್ತದೆ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿಯ ಆಸುಪಾಸಿಗೆ ಹೋಗುವ ಊರಿನಲ್ಲಿ ಪಡಸಾಲೆಯನ್ನು ತಂಪಾಗಿಡುವುದು ಈ ಮಣ್ಣು. ಬೆಳಕು ಬರಲು ಮಾಳಿಗೆಯಲ್ಲಿ ಬೆಳಕಿಂಡಿ. ಮುಂಗಾರಿಗೆ ಮೊದಲು ಕರಲು ತಂದು ಹಾಕಿ ಬಡಿದು ಗಟ್ಟಿ ಮಾಡುವ ಕೆಲಸ ವರ್ಷವೂ ಇದ್ದದ್ದೇ. ಅದನ್ನು ಮಾಡುವ ಕೈಗಳು ಓಣಿಯಲ್ಲೇ ಇದ್ದವು. ಛಾವಣಿಯನ್ನು ಅಡ್ಡಕ್ಕೆ ಸೀಳಿದಂತೆ ಒಂದು ಚಿತ್ರ ಬರೆದು, ಪ್ರತಿ ಪದರಕ್ಕೂ ಊರಿನವರು ಕರೆಯುವ ಹೆಸರನ್ನು ಪಕ್ಕದಲ್ಲಿ ಹಾಕಿ, ಕರಲು ಎಲ್ಲಿಂದ ಬರುತ್ತಿತ್ತು, ಯಾರು ಬಡಿಯುತ್ತಿದ್ದರು ಎಂದು ನಾಲ್ಕು ಸಾಲು ಬರೆದರೆ ಒಂದೇ ಪುಟದಲ್ಲಿ ಹವಾಮಾನ, ಕಸುಬು, ಭಾಷೆ ಮೂರೂ ದಾಖಲಾಗುತ್ತವೆ. ಇದು ಎಂಜಿನಿಯರಿನ ತಪ್ಪೆಂದು ನಾನು ಹೇಳುತ್ತಿಲ್ಲ. ಅವನಿಗೆ ಕೊಟ್ಟ ಕೆಲಸ ಬೇರೆ. ಈ ಪುಟ ಬರೆಯುವುದು ವಿನ್ಯಾಸಕಾರನ ಕೆಲಸ.

ಮನೆ ಬಿದ್ದ ಮೇಲೂ ಓದಲು ಇನ್ನೊಂದು ಉಳಿದಿರುತ್ತದೆ: ಪಕ್ಕದ ಮನೆಯ ಗೋಡೆ. ಓಣಿಯ ಮನೆಗಳು ಒಂದಕ್ಕೊಂದು ಅಂಟಿಕೊಂಡೇ ಎದ್ದಿರುವುದರಿಂದ ಒಂದನ್ನು ಕೆಡವಿದಾಗ ಅದರ ಒಳಗು ನೆರೆಮನೆಯ ಗೋಡೆಯ ಮೇಲೆ ಕಾಣುತ್ತದೆ. ಸಾಲಾಗಿ ಜಂತಿ ಕೂತ ತೂತುಗಳು, ದೀಪದ ಮಸಿ ಹಿಡಿದ ಗೂಡು, ಏಣಿಮೆಟ್ಟಿಲು ಹತ್ತಿದ ಓರೆ ಗುರುತು, ಅಡುಗೆಮನೆಯ ಭಾಗದಲ್ಲಿ ಹೊಗೆಯ ಕಪ್ಪು, ಪಡಸಾಲೆಯ ಭಾಗದಲ್ಲಿ ನೀಲಿ ಬೆರೆಸಿದ ಸುಣ್ಣ. ಆ ಸುಣ್ಣದ ಪದರಗಳನ್ನು ಉಗುರಿನಿಂದ ಕೆರೆದರೆ ಒಂದರ ಕೆಳಗೊಂದು ಬಣ್ಣ ಸಿಗುತ್ತದೆ. ಇಂಥ ಗೋಡೆಯನ್ನು ಅಳತೆಪಟ್ಟಿ ಇಟ್ಟು ನೇರ ಎದುರಿನಿಂದ ಚಿತ್ರ ತೆಗೆದರೆ ಇಲ್ಲದ ಮನೆಯ ಎತ್ತರ, ಅಂತಸ್ತು, ಕೋಣೆಗಳ ಹಂಚಿಕೆಯನ್ನು ಬಹುಮಟ್ಟಿಗೆ ಮತ್ತೆ ಬರೆಯಬಹುದು. ಆ ಗೋಡೆಗೆ ಹೊಸ ಗಿಲಾವು ಬಿದ್ದ ದಿನ ಆ ಅವಕಾಶವೂ ಮುಗಿಯುತ್ತದೆ.

ಕಟ್ಟಡ ಹೋಗುವ ಮುನ್ನ ಅದನ್ನು ಪುಸ್ತಕಕ್ಕೆ ಇಳಿಸುವ ಪರಿಪಾಠ ಹೊರಗೆ ಬಲವಾಗಿ ಬೆಳೆದಿದೆ. ಟೋಕಿಯೊದ ನಕಾಗಿನ್ ಕ್ಯಾಪ್ಸೂಲ್ ಟವರ್ 1972ರಲ್ಲಿ ಎದ್ದು 2022ರಲ್ಲಿ ನೆಲಕ್ಕುರುಳಿತು. ಅದಕ್ಕೂ ಮೊದಲೇ ಅಲ್ಲಿ ವಾಸವಿದ್ದವರೂ ಅಭಿಮಾನಿಗಳೂ ಸೇರಿ ಒಳಕೋಣೆಗಳನ್ನು ಚಿತ್ರಿಸಿ ಪುಸ್ತಕ ಮಾಡಿದ್ದರು. ದೆಹಲಿಯ ಪ್ರಗತಿ ಮೈದಾನದಲ್ಲಿದ್ದ, ರಾಜ್ ರೇವಲ್ ವಿನ್ಯಾಸದ ಹಾಲ್ ಆಫ್ ನೇಷನ್ಸ್ ಕೂಡ 1972ರದೇ. 2017ರ ಏಪ್ರಿಲಿನಲ್ಲಿ ಅದನ್ನು ಒಡೆದಾಗ ಕೇಳಿಬಂದ ಒಂದು ಕಾರಣ ಅದಕ್ಕೆ 60 ವರ್ಷ ತುಂಬಿಲ್ಲ, ಹಾಗಾಗಿ ಪಾರಂಪರಿಕ ಕಟ್ಟಡವಲ್ಲ ಎಂಬುದು. ಇವೆರಡೂ ಹೆಸರಾಂತ ಕಟ್ಟಡಗಳು, ಇವುಗಳಿಗಾಗಿ ಕೂಗಲು ಜಗತ್ತಿನ ವಾಸ್ತುಶಿಲ್ಪಿಗಳಿದ್ದರು. ನಮಗೆ ಹೆಚ್ಚು ಹತ್ತಿರವಾದ ಮಾದರಿ ಅದಕ್ಕೂ ಹಿಂದಿನದು. ಅಮೆರಿಕದ ಕಲಾವಿದ ಎಡ್ ರುಶೇ 1966ರಲ್ಲಿ ಲಾಸ್ ಏಂಜಲೀಸಿನ ಸನ್‌ಸೆಟ್ ರಸ್ತೆಯ ಒಂದು ಭಾಗದ ಎರಡೂ ಬದಿಯ ಅಷ್ಟೂ ಕಟ್ಟಡಗಳನ್ನು ವಾಹನದ ಮೇಲೆ ಕ್ಯಾಮೆರಾ ಕೂರಿಸಿ ಚಿತ್ರ ತೆಗೆದು, ಸಾಲಾಗಿ ಜೋಡಿಸಿ, ಬಿಚ್ಚಿದರೆ ಸುಮಾರು 25 ಅಡಿ ಉದ್ದವಾಗುವ ಮಡಿಕೆ ಪುಸ್ತಕವಾಗಿ ತಾನೇ ಪ್ರಕಟಿಸಿದ. ಚಿತ್ರಗಳ ಜತೆಗೆ ಕಟ್ಟಡದ ನಂಬರು, ಅಡ್ಡರಸ್ತೆಯ ಹೆಸರು ಮಾತ್ರ. ಚೆಂದದ ಕಟ್ಟಡ, ಚೆಂದವಿಲ್ಲದ ಕಟ್ಟಡ ಎಂಬ ಭೇದ ಅಲ್ಲಿಲ್ಲ. ಪೆಟ್ರೋಲ್ ಬಂಕಿಗೂ ಹೋಟೆಲಿಗೂ ಖಾಲಿ ಜಾಗಕ್ಕೂ ಒಂದೇ ಮರ್ಯಾದೆ. ಓಣಿಯನ್ನು ದಾಖಲಿಸಲು ಇದಕ್ಕಿಂತ ಒಳ್ಳೆಯ ರೂಪ ನನಗೆ ಕಂಡಿಲ್ಲ. ನಮ್ಮಲ್ಲೂ ಮಡಿಕೆ ಪುಸ್ತಕ ಹೊಸದೇನಲ್ಲ. ಹುಣಸೆಬೀಜದ ಅಂಟು, ಇದ್ದಿಲಪುಡಿ ಬಳಿದ ಬಟ್ಟೆಯನ್ನು ಮಡಿಸಿ ಬಳಪದಿಂದ ಬರೆಯುತ್ತಿದ್ದ ಕಡತಗಳಲ್ಲಿ ಕನ್ನಡ ನಾಡು ಶತಮಾನಗಳ ಕಾಲ ಲೆಕ್ಕಪತ್ರ ಇಟ್ಟಿದೆ. ಬಾಗಲಕೋಟೆಯ ಕಿಲ್ಲಾ ಓಣಿಯ ಒಂದು ಬದಿ ಮಡಿಕೆಯ ಈ ಮಗ್ಗುಲಲ್ಲಿ, ಇನ್ನೊಂದು ಬದಿ ಆ ಮಗ್ಗುಲಲ್ಲಿ ಎಂದು ಊಹಿಸಿಕೊಳ್ಳಿ.

ನೆರೆಯ ವಿಜಯಪುರ ಈ ವಿಷಯದಲ್ಲಿ ಪುಣ್ಯ ಮಾಡಿದ ಊರು. ಅಲ್ಲಿನ ಗೋಳಗುಮ್ಮಟ, ಇಬ್ರಾಹಿಂ ರೋಜಾಗಳ ಅಳತೆಯ ನಕ್ಷೆಗಳೂ ಛಾಯಾಚಿತ್ರಗಳೂ 1866ರಲ್ಲೇ ಲಂಡನ್ನಿನಲ್ಲಿ ಪುಸ್ತಕವಾಗಿ ಬಂದವು. 1916ರಲ್ಲಿ ಹೆನ್ರಿ ಕಸಿನ್ಸ್ ಬರೆದ ವಿಸ್ತಾರವಾದ ಸಮೀಕ್ಷೆ ಬಂತು. 1866ರ ಪುಸ್ತಕದ ಮುಖಪುಟದಲ್ಲಿ ಬ್ರಿಟಿಷ್ ಅಧಿಕಾರಿಗಳ ಹೆಸರುಗಳಿವೆ, ಅವರ ಜತೆಗೆ ನಕ್ಷೆ ಬರೆದ ಇಲ್ಲಿನವರು ‘ದೇಶೀ ನಕ್ಷೆಗಾರರು’ ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗಿದ್ದಾರೆ. ಗುಮ್ಮಟದ ಒಂದೊಂದು ಕಮಾನಿಗೂ ಗೆರೆ ಎಳೆದ ಆ ಕೈಗಳು ಯಾರವು ಎಂದು ಇಂದು ಹೇಳುವವರಿಲ್ಲ. ಹೊಸ ಪುಸ್ತಕ ಮಾಡುವವರು ಕಲಿಯಬೇಕಾದ್ದು ಎರಡೂ ಕಡೆಯಿಂದ: ಅಳತೆಯ ಶಿಸ್ತನ್ನು ಆ ಪುಸ್ತಕಗಳಿಂದ ಪಡೆಯಬೇಕು, ಹೆಸರು ಬಿಡುವ ಚಾಳಿಯನ್ನು ಅಲ್ಲಿಗೇ ಬಿಡಬೇಕು. ಟೇಪಿನ ಇನ್ನೊಂದು ತುದಿ ಹಿಡಿದ ಓಣಿಯ ಹುಡುಗನ ಹೆಸರೂ, ಅವನು ಒಪ್ಪಿದರೆ, ಪುಸ್ತಕದಲ್ಲಿ ಇರಬೇಕು.

ವಿಜಯಪುರಕ್ಕೂ ಆ ಭಾಗ್ಯ ಸಿಕ್ಕಿದ್ದು ಸುಲ್ತಾನರ ಕಟ್ಟಡಗಳಿಗೆ ಮಾತ್ರ. ಕಾನೂನಿನ ಕಣ್ಣೂ ಅಲ್ಲೇ ನೆಟ್ಟಿದೆ. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಯ ರಕ್ಷಣೆಗೆ ಕಟ್ಟಡಕ್ಕೆ ಕನಿಷ್ಠ 100 ವರ್ಷವಾಗಿರಬೇಕು, ಚಾರಿತ್ರಿಕವಾಗಿಯೋ ಕಲೆಯ ದೃಷ್ಟಿಯಿಂದಲೋ ಮಹತ್ವ ಇರಬೇಕು. 1930ರ ದಶಕದ ವ್ಯಾಪಾರಿಯ ಮನೆ, 1950ರ ದಶಕದ ಚಹಾದಂಗಡಿ, ಸ್ವಾತಂತ್ರ್ಯಾನಂತರದ ಚಿತ್ರಮಂದಿರ ಇದರ ಹತ್ತಿರವೂ ಸುಳಿಯುವುದಿಲ್ಲ. ಮುಳುಗಡೆಯಲ್ಲೂ ಹೀಗೆಯೇ. ನಾರಾಯಣಪುರ ಜಲಾಶಯದ ಹಿನ್ನೀರು ಕೂಡಲಸಂಗಮಕ್ಕೆ ಬಂದಾಗ ಬಸವಣ್ಣನವರ ಐಕ್ಯಮಂಟಪದ ಸುತ್ತ ಕಾಂಕ್ರೀಟಿನ ದೊಡ್ಡ ಬಾವಿಯಂಥ ಗೋಡೆ ಎಬ್ಬಿಸಿ ಅದನ್ನು ಉಳಿಸಿಕೊಂಡರು. ಅದು ಆಗಲೇಬೇಕಿದ್ದ ಕೆಲಸ, ಚೆನ್ನಾಗಿಯೇ ಆಗಿದೆ. ಓಣಿಗೆ ಅಂಥ ಗೋಡೆ ಕಟ್ಟಲಾಗದು, ಯಾರೂ ಕೇಳಬೇಕಾಗಿಯೂ ಇಲ್ಲ. ಉಳಿಸಿಕೊಳ್ಳಲಾಗದ್ದನ್ನು ಬರೆದಾದರೂ ಇಟ್ಟುಕೊಳ್ಳಬೇಕು.

ಹಾಗಾದರೆ ಏನನ್ನು ಬರೆಯಬೇಕು? ಇಲ್ಲಿ ನನಗೊಂದು ಆತಂಕವಿದೆ, ಅದನ್ನು ಬಿಚ್ಚಿಯೇ ಹೇಳುತ್ತೇನೆ. ವಿನ್ಯಾಸ ಓದಿದವರ ಕಣ್ಣು ಮೊದಲು ಹೋಗುವುದು ಕೆತ್ತನೆಯ ಬಾಗಿಲಿಗೆ, ತೇಗದ ಕಂಬಕ್ಕೆ, ಬೋದಿಗೆಗೆ. ಮುಳುಗಡೆಯ ಹೊತ್ತಿನಲ್ಲಿ ಇವನ್ನು ಕಿತ್ತುಕೊಂಡು ಹೊಸ ಮನೆಗೆ ಹಾಕಿಸಿಕೊಂಡವರೂ ಇದ್ದಾರೆ, ಹಳೆ ಸಾಮಾನಿನ ವ್ಯಾಪಾರಿಗೆ ಮಾರಿದವರೂ ಇದ್ದಾರೆ. ಹಾಗಾಗಿ ಬಾಗಿಲು ಹೇಗೋ ಎಲ್ಲೋ ಉಳಿಯುತ್ತದೆ. ಬಾಗಿಲೇ ಇಲ್ಲದೆ ಗೋಣಿಪರದೆ ಇಳಿಬಿಟ್ಟ ಮನೆ, ತಗಡಿನ ಗುಡಿಸಲು, ದಲಿತ ಕೇರಿಯ ಒಂದೇ ಕೋಣೆಯ ಮನೆಗಳು ಉಳಿಯುವುದಿಲ್ಲ. ಪರಿಹಾರದ ಹಾಳೆಯಲ್ಲಿ ಮಾಲೀಕನ ಹೆಸರಿರುತ್ತದೆ. ಅದೇ ಮನೆಯ ಹಿಂದಿನ ಕೋಣೆಯಲ್ಲಿ ಇಪ್ಪತ್ತು ವರ್ಷ ಬಾಡಿಗೆಗಿದ್ದು ಹೊಲಿಗೆ ಯಂತ್ರ ತುಳಿದ ಹೆಂಗಸಿನ ಹೆಸರು ಎಲ್ಲಿಯೂ ಇರುವುದಿಲ್ಲ. ವಾಡೆಗಳ ಬಾಗಿಲುಗಳನ್ನು ಮಾತ್ರ ಹೊಳಪಿನ ಕಾಗದದಲ್ಲಿ ಅಚ್ಚು ಹಾಕಿ, ಇಂಗ್ಲಿಷಿನಲ್ಲಿ ಎರಡು ಪುಟ ಮುನ್ನುಡಿ ಬರೆದು, ಬೆಂಗಳೂರಿನ ಗ್ಯಾಲರಿಯಲ್ಲಿ ಮಾರುವ ಪುಸ್ತಕ ಊರನ್ನು ಎರಡನೇ ಸಲ ಖಾಲಿ ಮಾಡುತ್ತದೆ. ಅಂಥದ್ದು ಬೇಡ. ನಲ್ಲಿಯ ಮುಂದೆ ಕೊಡ ಸಾಲಿಡುತ್ತಿದ್ದ ಜಾಗ, ಯಾವ ಬಾವಿಯಿಂದ ಯಾರಿಗೆ ನೀರಿತ್ತು, ಯಾರಿಗಿರಲಿಲ್ಲ, ಎಲ್ಲಿಂದ ಮುಂದೆ ಯಾರು ಚಪ್ಪಲಿ ಕಳಚಬೇಕಿತ್ತು ಎಂಬುದೂ ನಕ್ಷೆಯ ಮೇಲೆ ಬರಬೇಕು. ಊರಿನ ನೆನಪನ್ನು ಸಿಹಿ ಮಾಡಿ ಮಾತ್ರ ಬರೆದರೆ ಅದು ದಾಖಲೆ ಎನಿಸುವುದಿಲ್ಲ.

ಬಾಗಲಕೋಟೆಗೆ ಇನ್ನೊಂದು ವಿಶೇಷ ನಕ್ಷೆಯೂ ಸಾಧ್ಯ: ಹೋಳಿಯದು. ಕಿಲ್ಲಾ, ಹಳಪೇಟ, ಹೊಸಪೇಟ, ಜೈನಪೇಟ, ವೆಂಕಟಪೇಟ ಈ ಐದು ಓಣಿಗಳ ಹಲಗೆ ಮೇಳ, ಸೋಗಿನ ಬಂಡಿ, ಬ್ಯಾರಲ್ ತುಂಬ ಬಣ್ಣ ಹೊತ್ತ ಬಣ್ಣದ ಬಂಡಿಗಳು ಹೊರಡುವ, ತಿರುಗುವ, ಎದುರಾಗುವ ಜಾಗಗಳೆಲ್ಲ ಹಳೆ ಊರಿನ ಬೀದಿಗಳ ಅಗಲಕ್ಕೂ ತಿರುವಿಗೂ ಹೊಂದಿಕೊಂಡು ಬೆಳೆದವು. ನವನಗರಕ್ಕೆ ಹೋಗಿ ನೆಲೆಸಿದವರೂ ಹೋಳಿಗೆ ಹಳೆ ಊರಿಗೇ ಬರುತ್ತಾರೆ. ಸೆಕ್ಟರುಗಳ ಅಗಲ ರಸ್ತೆಯಲ್ಲಿ ಎದುರಾಬದುರಾ ನಿಂತು ಬಣ್ಣ ಎರಚಿದರೆ ಅರ್ಧ ಗಾಳಿಗೆ ಹೋಗುತ್ತದೆ. ಬಂಡಿ ಸಾಗುವ ದಾರಿ, ಮಾಳಿಗೆಯ ಮೇಲೆ ನಿಂತು ನೋಡುವವರ ಜಾಗ, ಹಬ್ಬ ಮುಗಿದ ಮೇಲೆ ಗೋಡೆಯ ಮೇಲೆ ಉಳಿದ ಬಣ್ಣದ ಎತ್ತರ, ಇವಿಷ್ಟನ್ನು ಗುರುತಿಸಿದ ಒಂದು ಮಡಿಕೆ ಹಾಳೆ ಈ ಊರಿನ ಬೀದಿಗಳು ಏಕೆ ಹೀಗಿವೆ ಎಂಬುದನ್ನು ಯಾವ ಯೋಜನಾ ವರದಿಗಿಂತಲೂ ಚೆನ್ನಾಗಿ ಹೇಳೀತು.

ಪರಿಹಾರವೇ ಪೂರ್ತಿ ಕೈಗೆ ಬರದಿರುವಾಗ ಪುಸ್ತಕದ ಮಾತು ಹೊಟ್ಟೆ ತುಂಬಿದವರದು ಎಂದು ಆಕ್ಷೇಪಿಸುವವರಿದ್ದಾರೆ. ಆ ಮಾತನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಕೃಷ್ಣಾ ಜಲವಿವಾದದ ಎರಡನೇ ನ್ಯಾಯಮಂಡಳಿ 524.256 ಮೀಟರಿಗೆ ಒಪ್ಪಿದ್ದು 2010ರ ಡಿಸೆಂಬರಿನಲ್ಲಿ; ಸುಪ್ರೀಂ ಕೋರ್ಟಿನಲ್ಲಿ ವ್ಯಾಜ್ಯ ನಿಂತು ತೀರ್ಪು ಗೆಜೆಟ್ಟಿಗೆ ಏರದೆ ವರ್ಷಗಳು ಉರುಳಿದವು, ಎತ್ತರಿಸುವುದಕ್ಕೆ ಮಹಾರಾಷ್ಟ್ರದ ವಿರೋಧ ಬೇರೆ. ಇಂದು ಮುಳುಗುತ್ತದೋ ನಾಳೆ ಮುಳುಗುತ್ತದೋ ತಿಳಿಯದ ಮನೆಗೆ ಯಾರು ತಾನೇ ಸುಣ್ಣ ಬಳಿಸುತ್ತಾರೆ, ಯಾರು ಕರಲು ಹಾಕಿಸುತ್ತಾರೆ? ನೀರು ಬರುವ ಮೊದಲೇ ಆ ಮನೆಗಳು ಈ ಕಾಯುವಿಕೆಯಲ್ಲೇ ಸೋರಿ ಕುಸಿಯುತ್ತಿವೆ. ಇದೇ ಕಾರಣಕ್ಕೆ ಪರಿಹಾರ ಮುಗಿಯಲಿ, ಆಮೇಲೆ ಬರೆಯೋಣ ಎನ್ನುವಂತಿಲ್ಲ. ಇನ್ನೊಂದು ಮಾತು: ಪರಿಹಾರ ಸಾಲದೆಂದು ನ್ಯಾಯಾಲಯದ ಮೆಟ್ಟಿಲು ಹತ್ತುವುದು ಈ ಜಿಲ್ಲೆಯವರಿಗೆ ಹೊಸದಲ್ಲ, 2013ರ ಕಾಯ್ದೆಯ 64ನೇ ಕಲಮು ಅದಕ್ಕೆ ದಾರಿ ಇಟ್ಟಿದೆ. ದಿನಾಂಕ, ಅಳತೆ, ಚಿತ್ರ ಮೂರೂ ಇರುವ ಒಂದು ಪುಟದ ಪ್ರತಿ ಮನೆಯವರ ಕೈಯಲ್ಲಿದ್ದರೆ ಮನೆ ನಿಜವಾಗಿ ಹೇಗಿತ್ತು ಎಂದು ತೋರಿಸಲು ಅವರಿಗೂ ಒಂದು ಆಧಾರ. ಅದೇ ಕಾಯ್ದೆ ಕೇಳುವ ಸಾಮಾಜಿಕ ಪರಿಣಾಮದ ಅಧ್ಯಯನದಲ್ಲಿ ಮನೆಗಳೂ ಸಾರ್ವಜನಿಕ ಆಸ್ತಿಗಳೂ ಬರಬೇಕು. ಆ ಅಧ್ಯಯನದ ಅಹವಾಲು ಸಭೆಯ ಮುಂದೆ ಓಣಿಯ ನಕ್ಷೆಯನ್ನು ಇಡಲು ಯಾರ ಅಪ್ಪಣೆಯೂ ಬೇಡ.

ಸಣ್ಣ ಪುಸ್ತಕಕ್ಕೆ ಅಡ್ಡಿಯೂ ಸಣ್ಣದೇ. ಕಟ್ಟಡದ ಚಿತ್ರ ಬರೆದು, ಛಾಯಾಚಿತ್ರ ತೆಗೆದು ಪ್ರಕಟಿಸುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ ಎಂದು 1957ರ ಕಾಯ್ದೆಯ 52ನೇ ಕಲಮು ಹೇಳುತ್ತದೆ. ಮನೆಯೊಳಗೆ ಕಾಲಿಡಲು ಮಾತ್ರ ಮನೆಯವರ ಒಪ್ಪಿಗೆ ಬೇಕು, ಅದನ್ನು ಬಾಯಿಮಾತಿನಲ್ಲಿ ಬಿಡದೆ ಬರೆಸಿಕೊಳ್ಳುವುದು ಲೇಸು. ಅಚ್ಚಿಗೆ ದೂರ ಹೋಗಬೇಕಿಲ್ಲ. ಮುದ್ರಣಕಾಶಿ ಎನಿಸಿಕೊಂಡ ಗದಗ ಪಕ್ಕದ ಜಿಲ್ಲೆ. ಒಂದೇ ಬಣ್ಣದಲ್ಲಿ, ಸಾಮಾನ್ಯ ಕಾಗದದಲ್ಲಿ, ಶಾಲೆಯ ನೋಟುಬುಕ್ಕಿನ ಅಳತೆಯಲ್ಲಿ ಅಚ್ಚಾದರೆ ಸಾಕು. ರೇಖಾಚಿತ್ರಕ್ಕೆ ಹೊಳಪಿನ ಕಾಗದದ ಹಂಗಿಲ್ಲ. ಪುಸ್ತಕದ ಗುರುತಿನ ಐಎಸ್‌ಬಿಎನ್ ಸಂಖ್ಯೆ ಭಾರತದಲ್ಲಿ ಉಚಿತವಾಗಿ ಸಿಗುತ್ತದೆ. 1954ರ ಕಾಯ್ದೆಯಂತೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯವೂ ಸೇರಿದಂತೆ ನಿಗದಿತ ಗ್ರಂಥಾಲಯಗಳಿಗೆ ಪ್ರತಿ ಕಳಿಸುವುದು ಪ್ರಕಾಶಕರ ಕರ್ತವ್ಯ. ಸ್ವತಂತ್ರ ಪ್ರಕಟಣೆ ಮಾಡುವವರು ಇದನ್ನು ಮರೆಯುವುದೇ ಹೆಚ್ಚು. ಮರೆತರೆ ನೂರು ಪ್ರತಿಯ ಪುಸ್ತಕ ಹತ್ತು ವರ್ಷದಲ್ಲಿ ಓಣಿಯಷ್ಟೇ ಗುರುತಿಲ್ಲದೆ ಹೋಗುತ್ತದೆ. ಬಾಗಲಕೋಟೆಯ ಜಿಲ್ಲಾ ಗ್ರಂಥಾಲಯಕ್ಕೂ, ಹಳೆ ಊರಿನ ಶಾಲೆಗಳಿಗೂ, ಚಿತ್ರದಲ್ಲಿರುವ ಪ್ರತಿ ಮನೆಗೂ ಒಂದೊಂದು ಪ್ರತಿ ತಲುಪಿದ ಮೇಲೆ ಉಳಿದದ್ದು ಮಾರಾಟಕ್ಕೆ ಹೋಗಲಿ.

ಹಿಂದಿನ ಹಂತಗಳ ಅಳತೆಯ ಹಾಳೆಗಳ ಬೆನ್ನು ಬೀಳುವುದೂ ಇದರಷ್ಟೇ ಮುಖ್ಯ. ಮುಳುಗಿಹೋದ ಓಣಿಗಳ ಮನೆಮನೆಯ ಅಳತೆ ಬರೆದಿಟ್ಟ ದಾಖಲೆಗಳವು. ಖಾಸಗಿ ವಿವರ, ಹಣದ ಲೆಕ್ಕ ಬಿಟ್ಟು ಅಳತೆಯ ಭಾಗವನ್ನಷ್ಟೇ ಕೊಡಿ ಎಂದು ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಆ ಅಳತೆಗಳ ಮೇಲೆ ಹಿರಿಯರನ್ನು ಕೂರಿಸಿಕೊಂಡು ಕೋಣೆ ಕೋಣೆಯಾಗಿ ಕೇಳಿ ಬರೆದರೆ ನೀರಿನ ಕೆಳಗಿರುವ ಓಣಿಯನ್ನೂ ಕಾಗದಕ್ಕೆ ತರಬಹುದು. ಆ ಮನೆಗಳಲ್ಲಿ ಹುಟ್ಟಿ ಬೆಳೆದವರಿಗೆ ಈಗ ಎಪ್ಪತ್ತು, ಎಂಬತ್ತು ವಯಸ್ಸು.

ಕೆಲಸಕ್ಕೆ ತಕ್ಕ ಕಾಲ ಹೋಳಿಯಿಂದ ಮುಂಗಾರಿನವರೆಗೆ. ಆಗ ಜಲಾಶಯದ ನೀರು ಇಳಿದಿರುತ್ತದೆ, ಹಿನ್ನೀರು ಸರಿದ ಕಡೆ ಹಳೆಯ ತಳಪಾಯಗಳೂ ಪರಸಿಯೂ ಬಯಲಿಗೆ ಬಂದಿರುತ್ತವೆ, ಕಾಲೇಜಿನ ಹುಡುಗರಿಗೆ ಬಿಡುವಿರುತ್ತದೆ. ಬೆಳಿಗ್ಗೆ ಹತ್ತರೊಳಗೆ ಹೊರಗಿನ ಅಳತೆ ಮುಗಿಸಿ, ಬಿಸಿಲೇರಿದ ಮೇಲೆ ಪಡಸಾಲೆಯಲ್ಲಿ ಕೂತು ಮಾತು ಬರೆದುಕೊಳ್ಳಬಹುದು. ಒಬ್ಬರು ಟೇಪು, ಒಬ್ಬರು ಹಾಳೆ, ಒಬ್ಬರು ಕ್ಯಾಮೆರಾ ಹಿಡಿದರೆ ಮೂವರ ಒಂದು ತಂಡ. 11 ವಾರ್ಡುಗಳಲ್ಲಿ ಮೊದಲು ಹೋಗಬೇಕಾದದ್ದು ನದಿಗೆ ಹತ್ತಿರದ, ಮಣ್ಣಿನ ಗೋಡೆಯ ಓಣಿಗೆ. ಕಲ್ಲಿನ ಮನೆಗಳು ಇನ್ನೊಂದೆರಡು ಮಳೆಗಾಲ ತಡೆದಾವು.